ಬಿಳಿ ಕತ್ತಿನ ಮರಕುಟಿಗ

ಹಕ್ಕಿ ನೋಡುವ ತಂಡದಲ್ಲಿ ದರ್ಜಿ ಅಕ್ಕನ ಮಾನ ಹೋಗಿ ಸರಿಯಾಗಿ ಒಂದು ತಿಂಗಳಾಗಿತ್ತು. ಕೊಂಬೆಗೆ ಸಿಕ್ಕಿದ್ದ ಹರಿದ ಗಾಳಿಪಟವನ್ನು ಗೂಬೆ ಎಂದು ತೋರಿಸಿ, ಎಂಟು ಜನರನ್ನು ಅರ್ಧ ಗಂಟೆ ಉಸಿರು ಬಿಗಿಹಿಡಿದು ನಿಲ್ಲಿಸಿದ್ದಳು. ಅಂದಿನಿಂದ ಆಕೆ ಏನೇ ತೋರಿಸಲಿ, ಅದಕ್ಕೆ ಬಾಲಂಗೋಚಿ ಇದೆಯೇ ಎಂದು ಯಾರಾದರೊಬ್ಬರು ಕೇಳುವುದು ಇದ್ದದ್ದೇ. ಇನ್ನೊಮ್ಮೆ ನಗೆಪಾಟಲಾದರೆ ಭಾನುವಾರವೂ ಹೊಲಿಗೆ ಯಂತ್ರದ ಮುಂದೆ ಕೂರುವುದೇ ಸರಿ ಎಂದು ನಿರ್ಧರಿಸಿದ್ದಳು. ವಾರವಿಡೀ ಆಕೆ ಕಾಯುತ್ತಿದ್ದುದು ಆ ಒಂದು ಬೆಳಗಿಗಾಗಿಯೇ, ಆ ಮಾತು ಬೇರೆ.

ಈ ಭಾನುವಾರ ಕೆರೆ ಪಕ್ಕದ ಒಣಮರದಲ್ಲಿ ಟಕಟಕ ಸದ್ದಾಯಿತು. ಎಲ್ಲರೂ ದುರ್ಬೀನು ಎತ್ತಿದರು. ಕೆಂಪು ಜುಟ್ಟು, ಹೊಂಬಣ್ಣದ ರೆಕ್ಕೆ. ತಂಡದ ಹಿರಿಯರಾದ ನಿವೃತ್ತ ಮೇಷ್ಟ್ರು, ನಮ್ಮ ಹಳೇ ನೆಂಟ, ಹೊಂಬೆನ್ನಿನ ಮರಕುಟಿಗ ಎನ್ನುತ್ತ ತಂಡದ ದಾಖಲೆ ಪುಸ್ತಕದಲ್ಲಿ ಬರೆದೂಬಿಟ್ಟರು. ಹನ್ನೊಂದು ವರ್ಷದಲ್ಲಿ ಅವರು ಅದರಲ್ಲಿ ಒಂದು ಸಾಲನ್ನೂ ಹೊಡೆದುಹಾಕಿದವರಲ್ಲ.

ಅಕ್ಕನ ಕಣ್ಣು ಮಾತ್ರ ಜುಟ್ಟಿನ ಮೇಲಿರಲಿಲ್ಲ. ಮೂವತ್ತು ವರ್ಷ ಜನರ ಬೆನ್ನ ಹಿಂದೆ ನಿಂತು ಅಳತೆ ತೆಗೆದವಳು. ಗಿರಾಕಿಯ ಮುಖ ಮರೆತಾಳು, ಕತ್ತಿನ ಹಿಂಭಾಗ ಮರೆಯಳು. ಹಳೇ ನೆಂಟನಿಗೆ ಅಲ್ಲಿ ಕಪ್ಪಿರಬೇಕಿತ್ತು. ಇದಕ್ಕೆ ಬಿಳುಪಿತ್ತು. ಬಾಯಿ ಬಿಟ್ಟರೆ ಬಾಲಂಗೋಚಿ, ಬಿಡದಿದ್ದರೆ ವಾರಪೂರ್ತಿ ನಿದ್ದೆಯಿಲ್ಲ.

"ಮೇಷ್ಟ್ರೇ, ಅದು ಬೇರೆ ಹಕ್ಕಿ," ಎಂದಳು. "ಕಾಲರ್ ಬಿಳಿ ಇದೆ."

ಗುಂಪೆಲ್ಲ ನಕ್ಕಿತು. ಔಷಧಿ ಅಂಗಡಿಯವನು ಗುಂಡಿ ಎಷ್ಟಿವೆ ಎಂದು ವಿಚಾರಿಸಿದ. ಬಿಳಿ ಕತ್ತಿನದನ್ನು ಈ ಕಡೆ ಯಾರೂ ಕಂಡಿಲ್ಲ, ಹಕ್ಕಿಗಳ ನೆಲೆ ತೋರಿಸುವ ನಕ್ಷೆಯಲ್ಲೂ ಇಲ್ಲ ಎಂದರು ಮೇಷ್ಟ್ರು. ಅಕ್ಕನ ಕಿವಿ ಬಿಸಿಯಾಯಿತು, ಪಟ್ಟು ಸಡಿಲಲಿಲ್ಲ. ಚೀಲದಿಂದ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ತೆಗೆದಳು. ಮೇಷ್ಟ್ರ ಕರಿ ಕೊಡೆಯನ್ನು ಕೇಳದೆಯೇ ಕಿತ್ತುಕೊಂಡು ಫಟ್ಟನೆ ಬಿಚ್ಚಿದಳು. ಆ ಸದ್ದಿಗೆ ಹಕ್ಕಿ ಹಾರಿಹೋಯಿತು. ಎಲ್ಲರೂ ಹಣೆ ಚಚ್ಚಿಕೊಂಡರೂ ಆಕೆ ತಲೆಯೆತ್ತದೆ ಕೊಡೆಯ ಮೇಲೆ ಹಕ್ಕಿಯ ಬೆನ್ನಿನ ಚಿತ್ರ ಬರೆದಳು: ಕತ್ತಿನ ಬಿಳುಪು ಎರಡು ಕಪ್ಪು ಭುಜಗಳ ನಡುವೆ ಚೂಪಾಗಿ ಬೆನ್ನಿಗಿಳಿದಿತ್ತು.

ಸೀಮೆಸುಣ್ಣ ಚೀಲಕ್ಕೆ ಸೇರುವಷ್ಟರಲ್ಲಿ ಹಕ್ಕಿ ಮರಳಿ ಬಂದು, ಇನ್ನೂ ಹತ್ತಿರದ ಬೊಡ್ಡೆಗೆ ಅಂಟಿಕೊಂಡಿತು, ಬೆನ್ನು ಇತ್ತ ಮಾಡಿ. ಮೇಷ್ಟ್ರು ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡುವ ಆಸಾಮಿ. ಹಕ್ಕಿ ನೋಡಿದರು, ಕೊಡೆ ನೋಡಿದರು, ಮತ್ತೆ ಹಕ್ಕಿ ನೋಡಿದರು.

ಮೇಷ್ಟ್ರು ತಾವೇ ಬರೆದಿದ್ದ ಸಾಲನ್ನು ಹೊಡೆದುಹಾಕಿ, ಪುಸ್ತಕ ಮತ್ತು ಪೆನ್ನು ಅಕ್ಕನ ಕೈಗಿತ್ತರು.

"ನೀವೇ ಬರೀರಿ. ಮೊದಲು ಕಂಡವರು ಅನ್ನೋ ಕಡೆ ನಿಮ್ಮ ಹೆಸರು ಹಾಕಿ, ಸಾಕ್ಷಿ ಅನ್ನೋ ಕಡೆ ನನ್ನದು."

ಕುಣಿದುಬಿಡಬೇಕು ಎನ್ನುವಷ್ಟು ಖುಷಿ ಆಕೆಗೆ, ಅಕ್ಷರ ಸೊಟ್ಟಪಟ್ಟವಾದವು. ಬರೆದು ಮುಗಿಸಿ, ಮುಂದಿನ ಭಾನುವಾರ ಎಷ್ಟು ಗಂಟೆಗೆ ಸೇರೋದು ಎಂದು ಕೇಳಿದಳು.