ನಟ್ಟನಡುವಿನ ಗೆರೆ

ಅಗೋ ಅದೇ ಗೆರೆ, ಕಪ್ಪು ಪರದೆಯ ನಟ್ಟನಡುವೆ, ಈ ಅಂಚಿನಿಂದ ಆ ಅಂಚಿಗೆ, ಬೆಳ್ಳಗೆ, ಕಣ್ಣಿಗೆ ಚುಚ್ಚುವ ಹಾಗೆ — ಬೆಳಕಿನ ತಿರುಪಿಗೆ ಅವಳ ಬೆರಳು ತಾನಾಗಿಯೇ ಹೋಯಿತು, ಮೊದಲು ಅದನ್ನು ಇಳಿಸಬೇಕು, ಇಲ್ಲದಿದ್ದರೆ ಗಾಜಿನ ಒಳಮೈ ಗೆರೆಯುದ್ದಕ್ಕೂ ಸುಟ್ಟುಹೋಗುತ್ತದೆ, ಮೂವತ್ತು ವರ್ಷ ರಿಪೇರಿ ಮಾಡಿದವಳಿಗೆ ಇದು ಗೊತ್ತು, ಹತ್ತು ವರ್ಷದ ಹುಡುಗಿಗೆ ಎಲ್ಲಿ ಗೊತ್ತಿತ್ತು — ಬೆನ್ನ ಹಿಂದೆ ಸ್ಟೂಲಿನ ಮೇಲೆ ಅಕ್ಕ ಸೆರಗಿನಲ್ಲಿ ಕನ್ನಡಕ ಒರೆಸುತ್ತಿದ್ದಾಳೆ, ಏನೇ ಚೋಟಿ, ಬದುಕುತ್ತಾ, ಇಲ್ಲಾ ಗುಜರಿಗೇನಾ, ಸ್ವಲ್ಪ ಬಾಯಿಗೆ ಬೀಗ ಹಾಕ್ಕೊಂಡು ಕೂತ್ಕೋ ಅಕ್ಕ, ನಲವತ್ತು ವರ್ಷ ಅಟ್ಟದಲ್ಲಿ ಮಲಗಿದ್ದು ಕರೆದ ಕೂಡಲೇ ಏಳುತ್ತಾ. ಅಪ್ಪ ಅಕ್ಕನ ಓದಿಗೆಂದು ತಂದ ಕಂಪ್ಯೂಟರು, ನೀನು ಮುಟ್ಟಿದರೆ ಜೋಕೆ ಅಂದಿದ್ದಳು ಅಕ್ಕ, ಆದರೂ ಚೋಟಿ ಮುಟ್ಟಿದ್ದಳು, ಹಿಂಬದಿಯ ಒಂದೇ ಒಂದು ತಿರುಪು, ಅಕ್ಷರಗಳೆಲ್ಲ ಪಟ್ಟನೆ ಕುಸಿದು ಗೆರೆಯಾದವು, ಆರಿಸದೆ ಓಡಿದಳು, ಮಂಚದ ಕೆಳಗೆ ಟ್ರಂಕಿನ ಪಕ್ಕ ಮುದುಡಿಕೊಂಡಳು, ಸಂಜೆ ಅಪ್ಪ ಬೈದದ್ದು ಅಕ್ಕನನ್ನು, ಕೋತಿ ಕೈಗೆ ಮಾಣಿಕ್ಯ ಕೊಟ್ಟ ಹಾಗಾಯ್ತು, ನಾನಲ್ಲಪ್ಪ ಎಂದು ಅಕ್ಕ ಒಂದೇ ಸಲ ಅಂದಳು, ಮತ್ತೆಂದೂ ಕಂಪ್ಯೂಟರು ಕೇಳಲಿಲ್ಲ — ಆ ತಿರುಪು ಕೆಟ್ಟಿದ್ದರೆ ಕೆಡಿಸಿದ್ದು ತಾನು, ಇವತ್ತು ಹೇಳಲೇಬೇಕು, ಮೀಟರಿನ ಎರಡು ವೈರಿನ ತುದಿ ಅದೇ ತಿರುಪಿಗೆ ಇಟ್ಟಳು, ತಿರುಗಿಸಿದಳು, ಅಂಕಿ ನಿಧಾನವಾಗಿ ಏರಿತು, ನಿಧಾನವಾಗಿ ಇಳಿಯಿತು, ತಿರುಪು ನೆಟ್ಟಗಿದೆ, ಹಾಗಾದರೆ? ಒಣ ಮರದ ಕಡ್ಡಿಯಿಂದ ಬಿಚ್ಚಿಟ್ಟ ಪೆಟ್ಟಿಗೆಯೊಳಗಿನ ಸರ್ಕ್ಯೂಟ್ ಹಲಗೆಯನ್ನು ಅಲ್ಲಲ್ಲಿ ತಟ್ಟುತ್ತ ಹೋದಳು, ಇಲ್ಲಿಲ್ಲ, ಇಲ್ಲಿಲ್ಲ, ಮೂಲೆಯ ಪಿನ್ನಿನ ಹತ್ತಿರ ಗೆರೆ ಬೆಚ್ಚಿ ಮೇಲೆ ಕೆಳಗೆ ಹಾರಿತು, ಸಿಕ್ಕಿದೆಯಾ ಕಳ್ಳ, ಆರಿಸು, ಪಿಕ್ಚರ್ ಟ್ಯೂಬಿನಲ್ಲಿ ಉಳಿದ ಕರೆಂಟು ನೆಲಕ್ಕಿಳಿಸು, ಈಗ ಭೂತಗನ್ನಡಿ — ಬೆಸುಗೆಯ ಸುತ್ತ ಕೂದಲಿನಷ್ಟು ತೆಳುವಾದ ಬಿರುಕು, ಬಿಸಿಯಾಗಿ, ಆರಿ, ಮತ್ತೆ ಬಿಸಿಯಾಗಿ ತಾನಾಗಿ ಬಿಟ್ಟದ್ದು, ಯಾವ ಹುಡುಗಿಯ ಬೆರಳೂ ಮಾಡಲಾಗದ್ದು, ಅವಳು ಮುಟ್ಟದಿದ್ದರೂ ಅದು ಹೋಗುತ್ತಿತ್ತು, ಆ ದಿನವಲ್ಲದಿದ್ದರೆ ಮರುದಿನ. ನಗು ಬಂತು, ಯಾಕೆ ನಗ್ತೀಯೆ ಒಬ್ಬೊಬ್ಬಳೇ, ಏನಿಲ್ಲ ಅಕ್ಕ, ಬೆಸುಗೆ ಕರಗಿ ಬೆಳ್ಳಿಯ ಹನಿಯಂತೆ ಪಿನ್ನನ್ನು ಅಪ್ಪಿತು, ಘಾಟು ಹೊಗೆ, ಅವಳಿಗೆ ಊಟದ ವಾಸನೆಗಿಂತ ಇಷ್ಟವಾದ ಹೊಗೆ, ಸ್ವಿಚ್ಚು — ಗೆರೆ ಬಂತು, ನಡುಗಿತು, ಬಾಗಿಲು ತೆರೆದ ಹಾಗೆ ಮೇಲಕ್ಕೂ ಕೆಳಕ್ಕೂ ತೆರೆದುಕೊಂಡಿತು, ಬಿಳಿ ಪರದೆ, ಕಪ್ಪು ಅಕ್ಷರ, ಅಕ್ಕ ಸ್ಟೂಲು ಎಳೆದು ಪಕ್ಕಕ್ಕೆ ಬಂದು ಕೂತಳು, ಕೀಲಿಗಳನ್ನು ಒಂದೊಂದಾಗಿ ಒತ್ತುತ್ತಿದ್ದಾಳೆ, ಹತ್ತಿಪ್ಪತ್ತು ವರ್ಷ ಚಿಕ್ಕವಳಾದ ಹಾಗೆ, ನೋಡೇ, ಬರ್ತಿದೆ, ಎಲ್ಲಾ ಬರ್ತಿದೆ, ಆದ್ರೆ ಇದೇನೇ ನಡುವೆ, ಒರೆಸಿದರೂ ಹೋಗ್ತಿಲ್ಲ — ಅವಳೂ ನೋಡಿದಳು, ಕಂದು ಬಣ್ಣದ ತೆಳು ಗೆರೆ, ಗಾಜಿನ ಒಳಗೆ, ತಾನು ಮಂಚದ ಕೆಳಗಿದ್ದ ಇಡೀ ಮಧ್ಯಾಹ್ನ ಸುಟ್ಟ ಗೆರೆ, ಅಕ್ಕ, ಅವತ್ತು ಆರಿಸದೆ ಓಡಿದ್ದು ನಾನು, ಗೊತ್ತು ಬಿಡೇ, ಮಂಚದಿಂದ ನಿನ್ನ ಕಾಲು ಆಚೆ ಇತ್ತು, ಅಪ್ಪನಿಗೆ ಕಾಣಬಾರದು ಅಂತ ನಾನೇ ಹೊದಿಕೆ ಇಳಿಬಿಟ್ಟೆ — ಹೊದಿಕೆ, ಹೌದು, ಇದ್ದಕ್ಕಿದ್ದಂತೆ ಕತ್ತಲಾಗಿತ್ತು, ಹೊದಿಕೆಯ ಅಂಚಿಗೂ ನೆಲಕ್ಕೂ ನಡುವೆ ಬೆಳಕು ಉಳಿದಿತ್ತು, ಈ ತುದಿಯಿಂದ ಆ ತುದಿಗೆ, ಒಂದೇ ಒಂದು ಗೆರೆ