ಹಳದಿ ಪೈಪು

ಮಕ್ತಲ್ ಬಸ್‌ಸ್ಟ್ಯಾಂಡಿನ ಚಾದಂಗಡಿ ಭೀಮಯ್ಯ ಫೋನ್ ಹಿಡಕೊಂಡು ಹಲ್ಲು ಕಿರೀತಿದ್ದ. "ಏ ಲಕ್ಷ್ಮಣ, ಸಮುದ್ರದಾಗ ಮುಳುಗಿ ಸಾಯಾಕ ಹತ್ತಿದ್ದೆಂತಲ್ಲೋ! ಹೈದರಾಬಾದಿನ ಸಾಹೇಬ ಎತ್ತಿ ತಂದನಂತ. ಎರಡು ಲಕ್ಷ ಮಂದಿ ನೋಡ್ಯಾರ."

ಬಸ್ಸಿಗೆ ಕಾಯೋರೆಲ್ಲಾ ನನ್ನ ಮಾರಿ ನೋಡಿ ನಕ್ಕರು. ನನ್ನ ಮೈ ಉರದು ಹೋತು. ಚಾದ ಕಪ್ಪು ಅಲ್ಲೇ ಕುಕ್ಕಿ ನಮ್ಮೂರು ನಾರ್ವದ ಬಸ್ ಹತ್ತಿದೆ.

ಎತ್ತಿ ತಂದನಂತ, ಥೂ ಇವನ! ನಡದದ್ದು ಕೇಳ್ರಿ. ಹಡಗು ನಿಲ್ಲೋ ಜೆಟ್ಟಿ ಕಟ್ಟಾಕ ಅಂಡಮಾನಿಗೆ ಕೂಲಿ ಹೋದವ ನಾನು. ಅಲ್ಲೇ ಡೈವಿಂಗ್ ಕಲ್ತು, ಆರು ವರ್ಷದಿಂದ ಟೂರಿಸ್ಟರನ್ನ ಸಮುದ್ರದ ತಳಕ್ಕ ಕರಕೊಂಡು ಹೋಗ್ತೀನಿ. ಮೂವತ್ತೈದು ಮೀಟರ್ ಕೆಳಗ ಒಂದು ಹಳೇ ಸರಕಿನ ಹಡಗು ಮುಳುಗಿ ಬಿದ್ದೈತಿ. ಅಲ್ಲಿ ನೀರು ಬೆಚ್ಚಗ, ತಿಳಿಯಾಗಿ ಇರ್ತೈತಿ, ಮಂದಿ ಮೈ ಮರತು ಬಿಡ್ತಾರ. ಒಳಗ ಹೋಗಬ್ಯಾಡ್ರೀ ಅಂತ ಮೂರು ಸಲ ಕೈಸನ್ನಿ ಮಾಡಿದೆ. ಆ ಹೈದರಾಬಾದಿನ ಸಾಹೇಬ ಅಂಜನಕುಮಾರ್ ಕೇಳಬೇಕಲ್ಲ? ಕೋಲಿನ ತುದಿಗೆ ಕ್ಯಾಮೆರಾ ಸಿಗಿಸಿಕೊಂಡು ಎಂಜಿನ್ ಕೋಣಿಗೆ ನುಗ್ಗಿದ. ಹೊರಗ ಬರೋದ್ರಾಗ ಅವನ ಸಿಲಿಂಡರ್ ಖಾಲಿ, ಕಣ್ಣಗುಡ್ಡಿ ಮ್ಯಾಲ.

ಇಂಥಾ ಹೊತ್ತಿಗಂತಾನೇ ನನ್ನ ಸಿಲಿಂಡರಿಗೆ ಇನ್ನೊಂದು ಹಳದಿ ಪೈಪು ಇರ್ತೈತಿ. ಅದನ್ನ ಅವನ ಬಾಯಾಗ ತುರುಕಿದೆ. ಒಂದೇ ಸಿಲಿಂಡರಿನ ಗಾಳಿ ಇಬ್ರೂ ಎಳಕೋತ, ತಡದು ತಡದು ಮ್ಯಾಲ ಬಂದ್ವಿ. ಅಂವ ನನ್ನ ಭುಜದ ಪಟ್ಟಿ ಬಿಗಿಯಾಗಿ ಹಿಡದಿದ್ದ. ಕ್ಯಾಮೆರಾನೂ ಬಿಟ್ಟಿರಲಿಲ್ಲ ನೋಡ್ರಿ. ಅಂವ ನನ್ನ ಎತ್ತಿ ತರೋಹಂಗ ಕಾಣೋ ಅಷ್ಟೇ ತುಣುಕು ಕತ್ತರಿಸಿ ನೆಟ್ಟಿಗೆ ಹಾಕಿ, "ಗೈಡನ್ನ ಬದುಕಿಸಿದೆ" ಅಂತ ಬರದಾನ. ಉಂಡ ಮನಿ ಜಂತಿ ಎಣಿಸೋ ನನ್ಮಗ!

ನಮ್ಮ ಡೈವಿಂಗ್ ಕಂಪನಿ ಮಾಲಕ ಚಂದ್ರಕಾಂತ್ ಗದ್ವಾಲದವ, ನಮ್ಮ ಕಡೆ ಮನುಷ್ಯ. "ನೀ ಯಾರ ಮುಂದೂ ಬಾಯಿ ಬಿಡಬ್ಯಾಡ. ಊರಿಗೆ ಹೋಗಿರು, ವಿಚಾರಣಿ ಮುಗಿಸಿ ಕರೀತೀನಿ" ಅಂದಿದ್ದ. ಇಪ್ಪತ್ತು ದಿನ ಆತು. ಅಂವ ಕರೀಲಿಲ್ಲಂದ್ರ ನನ್ನ ಕೆಲಸ ಮುಗದಂಗ. ಮುಳುಗಿದ ಗೈಡಿನ ಹಿಂದ ಯಾವನು ನೀರಿಗಿಳೀತಾನ? ಅದಕ್ಕ ತುಟಿ ಹೊಲಕೊಂಡು ಕುಂತಿದ್ದೆ.

ಹೊಲದಾಗ ನಮ್ಮವ್ವ ಮೈಸಮ್ಮ ಮೆಣಸಿನ ಗಿಡಕ್ಕ ಡ್ರಿಪ್ ಪೈಪು ಜೋಡಸಾಕ ಹತ್ತಿದ್ಲು. ಸಿಟ್ಟಿನಾಗ ಫೋನ್ ಆಕಿ ಮುಂದ ಹಿಡದೆ. ಆಕಿಗೆ ಓದಾಕ ಬರಂಗಿಲ್ಲ. ಎರಡು ಸಲ ನೋಡಿ, ಮಣ್ಣಿನ ಬೆರಳು ಗಾಜಿನ ಮ್ಯಾಲ ಇಟ್ಲು.

"ಈ ಹಳದಿ ಪೈಪು ನಿನ್ನ ಬೆನ್ನಿಂದ ಹೊಂಟು ಅವನ ಬಾಯಿಗೆ ಹೋಗೈತಿ. ಮತ್ತ ಯಾರು ಯಾರನ್ನ ಬದುಕಿಸ್ಯಾರೋ?"

"ಹೌದಲ್ಲವ್ವ!" ಅಂತ ನಕ್ಕೆ. ಇಪ್ಪತ್ತು ದಿನದಾಗ ಅದೇ ಮೊದಲ್ನೇ ನಗಿ.

"ನಂಗ ಕಂಡದ್ದು ನಿನ್ನ ಮಾಲಕಗ ಕಾಣಲಿಲ್ಲೇನು? ಅವಗ ಈ ಪೈಪಿಂದು ತಿಳಿಯಂಗಿಲ್ಲೇನು?"

ಆ ಪೈಪು ಹೆಂಗ ಕೊಡಬೇಕಂತ ನಂಗ ಕಲಿಸಿದವನೇ ಅಂವ.

ಅಲ್ಲೇ ಮಾಲಕಗ ಫೋನ್ ಹಚ್ಚಿದೆ. "ಸರ್, ಹಳದಿ ಪೈಪು ನೀವು ಯಾವಾಗ ನೋಡಿದ್ರಿ?"

"ಮೊದಲ್ನೇ ದಿನಾನೇ" ಅಂದ. "ಆದ್ರ ಅಂಜನಕುಮಾರ್ ಡಿಸೆಂಬರಿಗೆ ನಲವತ್ತು ಮಂದೀನ ಕರಕೊಂಡು ಬರ್ತಾನ, ಲಕ್ಷ್ಮಣ. ನಿನ್ನ ಜಾಗಕ್ಕ ಬ್ಯಾರೆ ಗೈಡ್ ನಿನ್ನೆ ಸಿಕ್ಕ."

ವಿಚಾರಣಿ ಅಲ್ಲ, ಗೈಡ್ ಸಿಗೋತನಕ ನನ್ನ ಬಾಯಿ ಮುಚ್ಚಿಸಿದ್ದ! ಅವ್ವ ಫೋನ್ ಕಸಕೊಂಡು, "ನಿನ್ನ ಬಾಯಾಗ ಮಣ್ಣ ಹಾಕ, ನನ್ನ ಮಗನ ಉಸಿರು ಮಾರಿಕೊಂಡ್ಯೇನೋ?" ಅಂತ ಬೈಯಾಕ ಹತ್ತಿದ್ಲು. ಅಂವ ಆಗಲೇ ಫೋನ್ ಇಟ್ಟಿದ್ದ. ನಾ ಅದನ್ನ ಆಕಿಗೆ ಹೇಳಲಿಲ್ಲ.