ಶ್ರೀಪತಿಯ ಎರಡು ಸೀಟಿನ ಕಾರು

ಪ್ರತಾಪ್ ಅಣ್ಣನ ಕಾರಿನ ಕೆಂಪು ಸ್ಟಾರ್ಟ್ ಗುಂಡಿಯನ್ನು ಮತ್ತೊಮ್ಮೆ ಒತ್ತಿದ. ಮೀಟರಿನ ದೀಪಗಳು ಹೊತ್ತಿಕೊಂಡವು, ಎಂಜಿನ್ ಮಿಸುಕಲಿಲ್ಲ. ಗೇರು ನ್ಯೂಟ್ರಲ್‌ನಲ್ಲೇ ಇದೆಯೇ ಎಂದು ಅಲುಗಿಸಿ ನೋಡಿ ಅವನು ಕೆಳಗಿಳಿದ.

"ಬ್ಯಾಟರಿ ಹೋಗಿದೆ," ಎಂದರು ಕನ್ನಡ ಸಂಘದ ಹಿರಿಯ ಅಶ್ವತ್ಥನಾರಾಯಣ. ಕೊಡೆ ಹಿಡಿದು ನಿಂತಿದ್ದ ಎಂಜಿನಿಯರುಗಳೆಲ್ಲ ಒಪ್ಪಿದರು. ಒದ್ದೆ ಇಳಿಜಾರಿನಲ್ಲಿ ಕಾರನ್ನು ತಳ್ಳುವುದು ಅಪಾಯ ಎಂಬುದಕ್ಕೂ ಒಪ್ಪಿಗೆ ಸಿಕ್ಕಿತು.

ಎಜುಕೇಶನ್ ಹಿಲ್‌ನ ಆ ಮನೆಯ ಯಜಮಾನ ಶ್ರೀಪತಿ ಮಂಗಳವಾರ ಸಂಜೆ ಆಫೀಸಿನಿಂದ ಬಂದು, ಕಾರನ್ನು ಗ್ಯಾರೇಜಿನ ಬಾಗಿಲಿಗೆ ಅಡ್ಡ ನಿಲ್ಲಿಸಿ, ಒಳಗೆ ಬಂದು ಎದೆ ನೋಯುತ್ತಿದೆ ಎಂದಿದ್ದ. ಇಂದು ಶನಿವಾರ. ಹನ್ನೊಂದಕ್ಕೆ ಬೆಲ್‌ವ್ಯೂ ಚಿತಾಗಾರದಲ್ಲಿ ದಹನ. ಶರೀರ ಆಗಲೇ ಅಲ್ಲಿತ್ತು. ಅವನ ಹೆಂಡತಿ ವಾಸಂತಿಯ ವ್ಯಾನು ಗ್ಯಾರೇಜಿನೊಳಗೆ ಸಿಕ್ಕಿಕೊಂಡಿತ್ತು.

ದಹನಕ್ಕೆ ತಾನೂ ಬರುತ್ತೇನೆಂದು ವಾಸಂತಿ ಬೆಳಗ್ಗೆಯೇ ಹೇಳಿದ್ದಳು. ಹೆಂಗಸರು ಹೋಗುವ ಪದ್ಧತಿ ತಮ್ಮಲ್ಲಿಲ್ಲವೆಂದು ಮೈದುನ ಪ್ರತಾಪ್ ವಾದಿಸಿ ಸೋತಿದ್ದ. ಗಂಡುಮಕ್ಕಳಿಲ್ಲದ ಅಣ್ಣನ ಕರ್ಮ ಮಾಡಲು ಅವನು ಸ್ಯಾನ್ ಹೋಸೆಯಿಂದ ಬಂದಿದ್ದ. ಈಗ ಅವನಿಗೊಂದು ಕಾರಣ ಸಿಕ್ಕಿತು.

"ವೈನಿ, ನಮ್ಮ ಎರಡೂ ಗಾಡಿ ತುಂಬ್ಯಾವ. ನೀವೂ ಪಾವನಾನೂ ಮನ್ಯಾಗ ಇರ್ರಿ. ಅದೇ ಛಲೋ."

"ನಾ ಬರತೀನಿ. ನಾ ಬರೂತನಕ ಬೆಂಕಿ ಕೊಡಬ್ಯಾಡ್ರಿ."

"ಹನ್ನೊಂದರ ಸ್ಲಾಟ್ ತಪ್ಪಿದ್ರೆ ಇನ್ನು ಸೋಮವಾರಾನೇ ಅಮ್ಮಾ," ಎಂದರು ಅಶ್ವತ್ಥನಾರಾಯಣ. "ಚಿತಾಗಾರದವರು ಯಾರಿಗೂ ಕಾಯಲ್ಲ."

ಹೊರಡುವಾಗಲೂ ಗಂಡಸರ ಮಾತು ಶ್ರೀಪತಿಯದೇ. ಕಾರು ಕೊಳ್ಳುವ ಮುನ್ನ ಎಲ್ಲರೂ ಅವನಿಗೆ ಫೋನ್ ಮಾಡುತ್ತಿದ್ದರು. ಯಾರೂ ಅವನು ಹೇಳಿದ್ದನ್ನು ಕೊಳ್ಳುತ್ತಿರಲಿಲ್ಲ. ನಾನೂರು ಕುದುರೆಶಕ್ತಿ ಕಟ್ಟಿಕೊಂಡು 405 ಹೆದ್ದಾರಿಯ ಟ್ರಾಫಿಕ್ಕಿನಲ್ಲಿ ಎಲ್ಲಿಗೆ ಓಡುತ್ತೀರಿ ಎಂದು ಅವನು ಕೇಳುತ್ತಿದ್ದ. ನಿಗದಿತ ಬೆಲೆಯ ಮೇಲೆ ಡೀಲರನಿಗೆ ಕೊಡುವ ಹೆಚ್ಚುವರಿ ಹಣ ಕಾರಿಗಲ್ಲ, ನೆರೆಮನೆಯವರ ಕಣ್ಣಿಗೆ ಎನ್ನುತ್ತಿದ್ದ. ಅಶ್ವತ್ಥನಾರಾಯಣರ ಜರ್ಮನ್ ಸೆಡಾನನ್ನು ಒಂದು ಸುತ್ತು ಓಡಿಸಿ, "ಸೋಫಾ ಛಲೋ ಅದ" ಎಂದಷ್ಟೇ ಹೇಳಿ ಕೀಲಿ ವಾಪಸು ಕೊಟ್ಟಿದ್ದ.

"ಹೊಟ್ಟೆಕಿಚ್ಚಿನ ಮನುಷ್ಯ ಅಲ್ಲ," ಎಂದರು ಅವರು, ಅದೇ ಸೆಡಾನಿನ ಬಾಗಿಲು ತೆರೆಯುತ್ತ. "ಬಾಯಿ ಮಾತ್ರ ಸುಮ್ನಿರ್ತಿರ್ಲಿಲ್ಲ."

ಎರಡೂ ಕಾರುಗಳು ಇಳಿಜಾರಿನಲ್ಲಿ ಮರೆಯಾದವು. ಆಗ ಹತ್ತೂಕಾಲು ದಾಟಿತ್ತು. ಬಾಡಿಗೆ ಕಾರು ಬರಲು ಇಪ್ಪತ್ತೈದು ನಿಮಿಷ ಬೇಕೆಂದು ಹದಿನೇಳರ ಮಗಳು ಪಾವನಾ ಫೋನು ತೋರಿಸಿದಳು. ವಾಸಂತಿ ಗಂಡನ ಕಾರಿನಲ್ಲಿ ಕುಳಿತಳು. ಕಾಲು ಪೆಡಲಿಗೆ ಎಟುಕಲಿಲ್ಲ.

*

ನಾರ್ತ್ ಕ್ರೀಕ್‌ನ ಆಫೀಸುಗಳ ಪಾರ್ಕಿಂಗ್ ಜಾಗ ಭಾನುವಾರ ಖಾಲಿ ಇರುತ್ತಿತ್ತು. ಈ ಎರಡು ಸೀಟಿನ ಕಾರು, ಬಳಸಿದ ಹೋಂಡಾ ಎಸ್2000, ಮನೆಗೆ ಬಂದ ವರ್ಷ ಶ್ರೀಪತಿ ವಾಸಂತಿಯನ್ನು ಅಲ್ಲಿಗೆ ಕರೆದೊಯ್ದಿದ್ದ.

"ಕ್ಲಚ್ ಒತ್ತಲಾರದ ಇದು ಚಾಲೂನ ಆಗೂದಿಲ್ಲ," ಎಂದ. "ಊರಾಗಿನ ಗಾಡಿಗೆ ನ್ಯೂಟ್ರಲ್ ಇದ್ರ ಸಾಕಿತ್ತು. ಇದಕ್ಕ ಸಾಲೂದಿಲ್ಲ."

ಎರಡನೆಯ ಗೇರಿನಲ್ಲಿ ಎಂಜಿನನ್ನು ನಿಮಿಷಕ್ಕೆ ಒಂಬತ್ತು ಸಾವಿರ ಸುತ್ತಿಗೆ ಏರಿಸಿದರೂ ವೇಗ ಅರವತ್ತೈದು ಮೈಲಿಯ ಆಸುಪಾಸಿನಲ್ಲೇ ಇರುತ್ತದೆ, ಪೊಲೀಸರ ಭಯವಿಲ್ಲದ ಸಂತೋಷ ಎಂದರೆ ಇದೇ ಎಂದು ವಿವರಿಸಿದ. ದಿನವೂ ಆಫೀಸಿಗೆ ಹೋಗುವಾಗ ಹೆದ್ದಾರಿಗೆ ಸೇರುವ ರ್‍ಯಾಂಪಿನಲ್ಲಿ ಒಂದೇ ಸಲ ಹಾಗೆ ಏರಿಸಿ, ಆಮೇಲೆ ಎಲ್ಲರಂತೆ ಬಲಗಡೆಯ ಸಾಲಿನಲ್ಲಿ ಹೋಗುತ್ತಿದ್ದ.

ವಾಸಂತಿ ಗೇರು ಹಾಕಿದಾಗ ಕರಕರ ಸದ್ದಾಯಿತು. ಮತ್ತೆ ಹಾಕಿದಾಗಲೂ ಆಯಿತು. ಶ್ರೀಪತಿ ಬೈಯಲಿಲ್ಲ. ಕಾರಿನಿಂದಿಳಿದು, ಬೆನ್ನು ತಿರುಗಿಸಿ, ಮರಗಳನ್ನು ನೋಡುತ್ತ ನಿಂತ. ಆ ಬೆನ್ನನ್ನು ಸ್ವಲ್ಪ ಹೊತ್ತು ನೋಡಿ ಅವಳು ಪಕ್ಕದ ಸೀಟಿಗೆ ಸರಿದಳು. ಕಲಿಸುವ ಮಾತನ್ನು ಇಬ್ಬರೂ ಮತ್ತೆ ಎತ್ತಲಿಲ್ಲ.

*

ಸೀಟನ್ನು ಮುಂದಕ್ಕೆಳೆದು, ಎಡಗಾಲಿನಿಂದ ಕ್ಲಚ್ಚನ್ನು ತಳಕ್ಕೆ ಒತ್ತಿ ವಾಸಂತಿ ಗುಂಡಿ ಅದುಮಿದಳು. ಎಂಜಿನ್ ಒಂದೇ ಏಟಿಗೆ ಎದ್ದಿತು.

"ಬ್ಯಾಟರಿ ವಾಸ್ ನೆವರ್ ಡೆಡ್?" ಎಂದಳು ಪಾವನಾ.

ಕಾರು ಜಗ್ಗುತ್ತ ಹಿಂದಕ್ಕೆ ಸರಿದು ರಸ್ತೆಗಿಳಿಯಿತು. ಗ್ಯಾರೇಜು ತೆರವಾಯಿತು.

"ಮಾಮ್, ಈಗ ವ್ಯಾನ್ ತಗೋಬಹುದು. ಪ್ಲೀಸ್."

"ಇದನ್ನ ನಡುರಸ್ತೆದಾಗ ಬಿಟ್ಟು ಹೋಗೂದೇನು? ಕೂಡು."

ಗುಡ್ಡ ಇಳಿಯುವುದು ಸುಲಭವಾಗಿತ್ತು. 520 ಹೆದ್ದಾರಿಯ ರ್‍ಯಾಂಪು ಏರು. ಅಲ್ಲಿನ ಸಿಗ್ನಲ್ ಒಂದು ಹಸಿರಿಗೆ ಒಂದೇ ಕಾರನ್ನು ಬಿಡುತ್ತದೆ. ವಾಸಂತಿಯ ಸರದಿ ಬಂತು. ಕ್ಲಚ್ಚಿನ ಮೇಲಿನ ಕಾಲು ಬೇಗ ಮೇಲೆದ್ದಿತು. ಕಾರು ಎಗರಿ, ಎಂಜಿನ್ ಆರಿತು. ದೀಪ ಕೆಂಪಾಯಿತು. ಹಿಂದಿನ ಲಾರಿ ಹಾರ್ನ್ ಬಾರಿಸಿತು. ಮತ್ತೆ ಹಸಿರು ಬಂದಾಗ ಕಾರು ಹಿಂದಕ್ಕೆ ಜಾರಿತು. ಅವಳು ಬ್ರೇಕ್ ತುಳಿದಳು. ಎಂಜಿನ್ ಮತ್ತೆ ಆರಿತು. ಈಗ ಹಾರ್ನ್ ನಿಲ್ಲಲೇ ಇಲ್ಲ.

"ಮಾಮ್, ಟೆನ್ ಫಾರ್ಟಿ."

"ಟೈಮ್ ಹೇಳಬ್ಯಾಡ."

ಅವಳು ಹ್ಯಾಂಡ್‌ಬ್ರೇಕ್ ಎಳೆದಳು. ಬಗ್ಗಿ ಕೆಳಗೆ ಏನೋ ಸರಿಪಡಿಸಿಕೊಂಡು ಮತ್ತೆ ನೆಟ್ಟಗೆ ಕೂತು ಎಂಜಿನ್ ಎಬ್ಬಿಸಿದಳು. ಹಸಿರು ಬಂತು. ಎಡಗಾಲನ್ನು ಕೂದಲೆಳೆಯಷ್ಟೇ ಎತ್ತಿ, ಕಾರು ಮುಂದಕ್ಕೆ ತುಯ್ಯುವವರೆಗೆ ಕಾದು, ಹ್ಯಾಂಡ್‌ಬ್ರೇಕ್ ಬಿಟ್ಟಳು. ಕಾರು ಏರಿತು. ಎರಡನೆಯ ಗೇರು ಸದ್ದಿಲ್ಲದೆ ಬಿತ್ತು. ಎಂಜಿನಿನ ಸ್ವರ ಏರುತ್ತಲೇ ಹೋಯಿತು. ಪಾವನಾ ಬಾಗಿಲಿನ ಹಿಡಿಯನ್ನು ಗಟ್ಟಿಯಾಗಿ ಹಿಡಿದಳು. ವಾಸಂತಿ ಪೆಡಲಿನಿಂದ ಕಾಲು ತೆಗೆಯಲಿಲ್ಲ.

ಚಿತಾಗಾರದಲ್ಲಿ ಮಂತ್ರ ಮುಗಿದು, ಶವಪೆಟ್ಟಿಗೆ ಕುಲುಮೆಯೊಳಗೆ ಸರಿದಿತ್ತು. ಪ್ರತಾಪ್ ಬೆಂಕಿ ಹೊತ್ತಿಸುವ ಗೋಡೆಯ ಸ್ವಿಚ್ಚಿಗೆ ಕೈ ಚಾಚಿದ್ದಾಗ ಹಿಂದೆ ಬಾಗಿಲು ತೆರೆಯಿತು.

"ವೈನಿ, ಯಾರು ಕರಕೊಂಡು ಬಂದ್ರು?"

ವಾಸಂತಿ ಎರಡು ಸಾಲಿನಲ್ಲಿ ನಿಂತಿದ್ದ ಗಂಡಸರ ನಡುವೆ ಹಾದು ಹೋಗಿ, ಸ್ವಿಚ್ಚಿನ ಮೇಲಿದ್ದ ಅವನ ಕೈಯ ಮೇಲೆ ತನ್ನ ಕೈಯಿಟ್ಟಳು. ಪದ್ಧತಿಯ ಬಗ್ಗೆ ಏನೋ ಹೇಳಲು ಬಾಯಿ ತೆರೆದ ಅಶ್ವತ್ಥನಾರಾಯಣ ಕೆಳಗೆ ಅವಳ ಪಾದಗಳನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದರು. ಕ್ಲಚ್ ಪಾದಕ್ಕೆ ತಿಳಿಯಲೆಂದು ಅವಳು ಚಪ್ಪಲಿಯನ್ನು ಕಾರಿನಲ್ಲೇ ಕಳಚಿದ್ದಳು. ಬಾಗಿಲಿನಿಂದ ಸ್ವಿಚ್ಚಿನವರೆಗೆ, ಕರಿ ಶೂಗಳ ಎರಡು ಸಾಲಿನ ನಡುವೆ, ಬೂದು ಕಾರ್ಪೆಟ್ಟಿನ ಮೇಲೆ ಬರಿಗಾಲಿನ ಒದ್ದೆ ಗುರುತುಗಳಿದ್ದವು.